ಬೆಳೆ ಮಾಮೂಲಿ, ಅಕ್ಕಿ ಬೆಲೆ ಮಾತ್ರ ಎರಡು ಪಟ್ಟು: ಜಪಾನಿನಲ್ಲಿ ನಿಜವಾಗಿ ಆಗಿದ್ದೇನು?

ಮಳೆಲೆಕ್ಕ:
ಜಪಾನಿನ ಅಕ್ಕಿ ಬೆಲೆಯ ಅಂಕಿ ಹಿಡಿದು ಕೂತಿದ್ದೇನೆ, ಒಂದು ಕಡೆ ತಲೆ ಓಡುತ್ತಿಲ್ಲ. 2024ರ ಮಾರ್ಚಿನಲ್ಲಿ ಅಲ್ಲಿನ ಸೂಪರ್‌ಮಾರ್ಕೆಟ್‌ಗಳಲ್ಲಿ 5 ಕೆ.ಜಿ. ಅಕ್ಕಿಗೆ ಸರಾಸರಿ 2,000 ಯೆನ್ ಚಿಲ್ಲರೆ. 2025ರ ಮೇ ಹೊತ್ತಿಗೆ 4,285 ಯೆನ್. ಯಾರನ್ನು ಕೇಳಿದರೂ "2023ರ ಬೇಸಿಗೆ ಸುಟ್ಟುಹಾಕಿತು, ಅದಕ್ಕೇ" ಅನ್ನುತ್ತಾರೆ. ಬೇಸಿಗೆ (ಅಲ್ಲಿ ಜೂನ್‌ನಿಂದ ಆಗಸ್ಟ್) ಸುಟ್ಟಿದ್ದು ನಿಜ. 1898ರಿಂದ ಇಟ್ಟಿರುವ ದಾಖಲೆಯಲ್ಲಿ ಅಲ್ಲಿಯವರೆಗೆ ಅಷ್ಟು ಬಿಸಿ ಬೇಸಿಗೆ ಇರಲಿಲ್ಲ. ಆದರೆ ಅದೇ ವರ್ಷದ ಭತ್ತದ ಬೆಳೆ ಸೂಚ್ಯಂಕ ನೋಡಿ: 101. ನೂರು ಅಂದರೆ ಮಾಮೂಲಿ ಬೆಳೆ. ಅಂದರೆ ಸರ್ಕಾರದ ಲೆಕ್ಕದ ಪ್ರಕಾರ ಬೆಳೆ ಮಾಮೂಲಿಗಿಂತ ಕೂದಲೆಳೆಯಷ್ಟು ಮೇಲೇ ಇದೆ. ಹಾಗಾದರೆ ಹವಾಮಾನ ಮಧ್ಯೆ ಎಲ್ಲಿ ಬಂತು? ಬೇಸಿಗೆ ಸುಟ್ಟಿದ್ದು ನಿಜ, ಬೆಳೆ ಮಾಮೂಲಿ ಅನ್ನುವುದೂ ನಿಜ, ಬೆಲೆ ಎರಡು ಪಟ್ಟಾಗಿದ್ದೂ ನಿಜ. ಈ ಮೂರನ್ನೂ ಒಟ್ಟಿಗೆ ನಿಲ್ಲಿಸುವ ವಿವರಣೆ ಯಾರ ಹತ್ತಿರವಾದರೂ ಇದೆಯಾ?

ಒಪ್ಪಲ್ಲ_ಬಿಡಿ:
ಇದರಲ್ಲಿ ತಲೆ ಓಡಿಸೋಕೆ ಏನಿದೆ? ಬೆಳೆ ಬಂದಿದೆ, ಅಂಗಡಿಯಲ್ಲಿ ಇಲ್ಲ. ನಡುವೆ ಯಾರೋ ಮುಚ್ಚಿಟ್ಟಿದ್ದಾರೆ. ಪ್ರತಿ ಸಲ ಬೆಲೆ ಏರಿದಾಗ ಹವಾಮಾನದ ಮೇಲೆ ಹಾಕಿಬಿಡುವುದು ಎಲ್ಲರಿಗೂ ಸುಲಭ, ಅದು ತಿರುಗಿ ಮಾತಾಡುವುದಿಲ್ಲ ನೋಡಿ.

ತೆನೆಗಾಳಿ:
ಮುಚ್ಚಿಟ್ಟಿದ್ದರ ಬಗ್ಗೆ ಆಮೇಲೆ ಮಾತಾಡೋಣ. ಮೊದಲು ಗದ್ದೆಯಲ್ಲಿ ಏನಾಯಿತು ಅಂತ ನೋಡಿ. ಸೂಚ್ಯಂಕ 101 ಅಂದರೆ ಕಾಳಿನ ತೂಕ ಸರಿಯಿತ್ತು ಅಂತ ಮಾತ್ರ. ಕಾಳು ಹೇಗಿತ್ತು ಅಂತ ಅದು ಹೇಳುವುದಿಲ್ಲ.

ಭತ್ತ ತೆನೆ ಬಿಟ್ಟ ಮೇಲಿನ ಸುಮಾರು ಇಪ್ಪತ್ತು ದಿನ ಕಾಳು ತುಂಬುವ ಸಮಯ. ಆಗ ದಿನದ ಸರಾಸರಿ ಉಷ್ಣಾಂಶ 26–27 ಡಿಗ್ರಿ ದಾಟಿದರೆ ತೊಂದರೆ ಶುರು. ಸರಾಸರಿ ಅಂದೆ, ಮಧ್ಯಾಹ್ನದ್ದಲ್ಲ. ರಾತ್ರಿಯೂ ತಣ್ಣಗಾಗದಿದ್ದರೆ ಈ ಸರಾಸರಿ ಬೇಗ ಏರುತ್ತದೆ. ಕಾಳು ಅವಸರದಲ್ಲಿ ತುಂಬುತ್ತದೆ, ಒಳಗೆ ಪಿಷ್ಟ ಒತ್ತೊತ್ತಾಗಿ ಕೂರುವುದಿಲ್ಲ, ಸಂದಿಯಲ್ಲಿ ಗಾಳಿ ಉಳಿಯುತ್ತದೆ. ಬೆಳಕು ಆ ಸಂದಿಗಳಲ್ಲಿ ಚದುರುವುದರಿಂದ ಕಾಳು ಗಾಜಿನ ಹಾಗೆ ಕಾಣುವುದಿಲ್ಲ, ಬೆಳ್ಳಗೆ ಮಂಕಾಗಿ ಕಾಣುತ್ತದೆ. ತೂಕದಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಹಾಗಾಗಿ ತಕ್ಕಡಿಗೆ ಇದು ಗೊತ್ತೇ ಆಗುವುದಿಲ್ಲ.

2023ರಲ್ಲಿ ನೀಗಾತಾದಲ್ಲಿ ಆಗಿದ್ದು ಇದೇ. ಆ ಪ್ರಾಂತ್ಯ ಕೊಶಿಹಿಕಾರಿ ತಳಿಗೆ ಹೆಸರುವಾಸಿ. ಆಗಸ್ಟ್‌ನಲ್ಲಿ ಮಳೆ ಬಂತು ಅನ್ನುವ ಹಾಗೇ ಇರಲಿಲ್ಲ, ಬೆಟ್ಟ ದಾಟಿ ಬರುವ ಒಣ ಬಿಸಿಗಾಳಿ ಬೇರೆ. ಸಾಮಾನ್ಯ ವರ್ಷದಲ್ಲಿ ಅಲ್ಲಿನ ಕೊಶಿಹಿಕಾರಿಯಲ್ಲಿ ಮುಕ್ಕಾಲು ಪಾಲು ಮೊದಲ ದರ್ಜೆ ಅಂತ ಪಾಸಾಗುತ್ತಿತ್ತು. ಆ ವರ್ಷ ಪಾಸಾಗಿದ್ದು ಸುಮಾರು ಶೇ 5. ತಪ್ಪು ಓದಲಿಲ್ಲ ನೀವು, ಶೇ 5. ಇಡೀ ದೇಶದ ಎಲ್ಲ ತಳಿ ಸೇರಿಸಿದರೂ ಮೊದಲ ದರ್ಜೆ ಶೇ 61ರ ಆಸುಪಾಸಿಗೆ ಇಳಿಯಿತು.

ಮಳೆಲೆಕ್ಕ:
ಸರಿ, ದರ್ಜೆ ಬಿತ್ತು. ಆದರೆ ಎರಡನೇ ದರ್ಜೆ ಅಕ್ಕಿಯೂ ಅಕ್ಕಿಯೇ ಅಲ್ವಾ? ಜನ ತಿನ್ನುತ್ತಾರೆ. ರೈತನಿಗೆ ಹಣ ಕಡಿಮೆ ಸಿಗಬಹುದು, ಅಕ್ಕಿ ಹೇಗೆ ಕಡಿಮೆ ಆಗುತ್ತದೆ?

ಗೋದಾಮು:
ಸರ್, ಅಕ್ಕಿ ಕಡಿಮೆ ಆಗುವುದು ಮಿಲ್ಲಿನಲ್ಲಿ. ನಾನು ಧಾನ್ಯ ವ್ಯವಹಾರದಲ್ಲೇ ಇರುವವನು, ಜಪಾನ್ ಕಡೆಯದ್ದಲ್ಲ, ಆದರೆ ಯಂತ್ರ ಎಲ್ಲ ಕಡೆಯೂ ಒಂದೇ. ಒಳಗೆ ಪೊಳ್ಳು ಸಂದಿ ಇರುವ ಕಾಳು ಪಾಲಿಷ್ ಮಾಡುವಾಗ ಮುರಿಯುತ್ತದೆ, ನುಚ್ಚಾಗುತ್ತದೆ. ಜಪಾನಿನಲ್ಲಿ ಲೆಕ್ಕ ಎಲ್ಲಾ ಕಂದು ಅಕ್ಕಿಯಲ್ಲಿ, ಅಂದರೆ ಹೊಟ್ಟು ತೆಗೆದು ತೌಡು ಉಳಿಸಿಕೊಂಡ ಅಕ್ಕಿ. ಅದನ್ನು ಪಾಲಿಷ್ ಮಾಡಿದರೆ ಸಾಮಾನ್ಯವಾಗಿ 100ಕ್ಕೆ 90 ಕೆ.ಜಿ. ಬಿಳಿ ಅಕ್ಕಿ ಬರುತ್ತದೆ. ಇಂಥ ಬೇಸಿಗೆಯ ಕಾಳಿನಲ್ಲಿ 88 ಬಂತು ಅಂತ ಸುಮ್ನೆ ಇಟ್ಟುಕೊಳ್ಳಿ. ಎರಡು ಕೆ.ಜಿ. ಏನು ಮಹಾ ಅನ್ನಿಸುತ್ತದೆ. ಆದರೆ ದೇಶ ಪೂರ್ತಿ 70 ಲಕ್ಷ ಟನ್ ಕಂದು ಅಕ್ಕಿ ಬಳಸುತ್ತದೆ, ಅದರಲ್ಲಿ ಶೇ 2 ಅಂದರೆ 1 ಲಕ್ಷ 40 ಸಾವಿರ ಟನ್. ಅಷ್ಟು ಅಕ್ಕಿ ಸರ್ಕಾರದ ಪುಸ್ತಕದಲ್ಲಿ ಇದೆ, ಯಾರ ತಟ್ಟೆಯಲ್ಲೂ ಇಲ್ಲ.

ಇನ್ನೊಂದು ಇದೆ, ನನಗೆ ಇದೇ ಹೆಚ್ಚು ಮಜಾ ಅನ್ನಿಸಿದ್ದು. ಜರಡಿ. ಇಳುವರಿ ಅಂಕಿ ತೆಗೆಯುವಾಗ ಸರ್ಕಾರ 1.70 ಮಿ.ಮೀ. ಜರಡಿಯ ಮೇಲೆ ನಿಂತ ಕಾಳನ್ನೆಲ್ಲ ಲೆಕ್ಕಕ್ಕೆ ಹಿಡಿಯುತ್ತಿತ್ತು. ರೈತರು ಮಾರುವಾಗ ಬಳಸುವುದು ಹೆಚ್ಚಾಗಿ 1.80ರಿಂದ 1.90. ಆ ಎರಡು ಜರಡಿಗಳ ನಡುವೆ ಬೀಳುವ ಸಣ್ಣ ಕಾಳು ಊಟದ ಅಕ್ಕಿಯಾಗಿ ಹೋಗುವುದು ಕಡಿಮೆ, ಮಿಸೋ ಅನ್ನುವ ಹುದುಗಿಸಿದ ಸೋಯಾ ಪೇಸ್ಟ್ ಮಾಡುವವರಿಗೆ, ಅಕ್ಕಿ ಬಿಸ್ಕತ್ತಿಗೆ, ಮೇವಿಗೆ ಹೋಗುತ್ತದೆ. ಕಾಳು ದಪ್ಪಗೆ ತುಂಬಿದ ವರ್ಷ ಈ ವ್ಯತ್ಯಾಸ ಯಾರಿಗೂ ಬೇಡ. ಬಿಸಿಲಿಗೆ ಕಾಳು ಸಣ್ಣಗಾದ ವರ್ಷ ಅದೇ ಜರಡಿ ಸುಳ್ಳು ಹೇಳುತ್ತದೆ.

ತೆನೆಗಾಳಿ:
ಅದಕ್ಕೇ ನಾನು ಹೇಳುವುದು, ಹವಾಮಾನ ಬೆಳೆಯನ್ನು ಕಡಿಮೆ ಮಾಡಲಿಲ್ಲ ಅನ್ನುವವರು ನೋಡುತ್ತಿರುವುದು ತಪ್ಪು ಅಂಕಿ. ಟನ್ ಲೆಕ್ಕ ಹಾಕುವ ಪದ್ಧತಿ ಬಂದಿದ್ದು ಚಳಿಗೆ, ಬರಕ್ಕೆ, ನೆರೆಗೆ ಬೆಳೆ ಹಾಳಾಗುತ್ತಿದ್ದ ಕಾಲದಲ್ಲಿ. ಆಗ ಹಾಳಾದರೆ ಕಾಳೇ ಇರುತ್ತಿರಲಿಲ್ಲ. ಬಿಸಿ ಬೇರೆ ರೀತಿ ಕೆಲಸ ಮಾಡುತ್ತದೆ.

ಒಪ್ಪಲ್ಲ_ಬಿಡಿ:
ಒಪ್ಪಿದೆ ಅಂತಲೇ ಇಟ್ಟುಕೊಳ್ಳಿ. ಶೇ 2 ಹೋಯಿತು, ಬೇಕಾದರೆ ಶೇ 4 ಹೋಯಿತು. ಬೆಲೆ ಶೇ 100 ಏರಿದ್ದಕ್ಕೆ ಇದು ಉತ್ತರಾನಾ? ನಾಲ್ಕು ಕಾಸಿನ ನಷ್ಟಕ್ಕೆ ನೂರು ಕಾಸಿನ ಬೆಲೆ. ಮಧ್ಯದ 96 ಕಾಸು ಎಲ್ಲಿ ಹೋಯಿತು ಅಂತ ಹೇಳಿ.

ಹಳೇ_ಪೇಪರ್:
ಈ ಪ್ರಶ್ನೆ ಮುನ್ನೂರು ವರ್ಷಕ್ಕಿಂತ ಹಳೆಯದು. 17ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಗ್ರೆಗರಿ ಕಿಂಗ್ ಹೆಸರಲ್ಲಿ ಒಂದು ಲೆಕ್ಕ ಉಳಿದಿದೆ: ಧಾನ್ಯ ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಬೆಲೆ ಹತ್ತರಲ್ಲಿ ಮೂರು ಪಾಲು ಏರುತ್ತದೆ, ಎರಡು ಪಾಲು ಕಡಿಮೆಯಾದರೆ ಎಂಟು, ಮೂರು ಪಾಲು ಕಡಿಮೆಯಾದರೆ ಹದಿನಾರು. ಇವತ್ತಿಗೆ ಆ ಅಂಕಿಗಳೇ ಅನ್ವಯ ಆಗುತ್ತವೆ ಅಂತ ನಾನು ಹೇಳುತ್ತಿಲ್ಲ. ಕಾರಣ ಮಾತ್ರ ಅದೇ. ಟಿ.ವಿ. ಬೆಲೆ ಏರಿದರೆ ಮುಂದಿನ ವರ್ಷ ಕೊಳ್ಳೋಣ ಅಂತೀವಿ. ಅನ್ನವನ್ನು ಮುಂದಿನ ವರ್ಷಕ್ಕೆ ಹಾಕುವವರು ಯಾರೂ ಇಲ್ಲ. ಬೆಲೆ ಏರಿದರೂ ಜನ ಕೊಳ್ಳುವುದು ಅಷ್ಟೇ, ಹಾಗಾಗಿ ಕೊನೆಯ ಕೆಲವು ಮೂಟೆಗೆ ಎಲ್ಲರೂ ಕೈ ಹಾಕಿದಾಗ ಬೆಲೆಗೆ ತಡೆ ಇರುವುದಿಲ್ಲ. ತಡೆಯಬೇಕಾದ್ದು ದಾಸ್ತಾನು. ಜಪಾನಿನಲ್ಲಿ ಅದು ತೆಳ್ಳಗಾಗಿತ್ತು, ಅದೂ ಬೇಕಂತಲೇ.

ಅಲ್ಲಿ 1960ರ ದಶಕದ ಆರಂಭದಲ್ಲಿ ತಲೆಗೆ ವರ್ಷಕ್ಕೆ 118 ಕೆ.ಜಿ. ಅಕ್ಕಿ ಖರ್ಚಾಗುತ್ತಿತ್ತು, ಈಗ 50ರ ಆಸುಪಾಸು. ಬ್ರೆಡ್ಡು, ನೂಡಲ್ಸು ಬಂದವು. ಅಕ್ಕಿ ಮಿಕ್ಕಿ ಬೆಲೆ ಬೀಳಬಾರದು ಅಂತ 1970ರಿಂದ ಸುಮಾರು ಅರ್ಧ ಶತಮಾನ ಸರ್ಕಾರವೇ ಭತ್ತದ ವಿಸ್ತೀರ್ಣ ಕಡಿಮೆ ಮಾಡಿಸಿತು. ಕಾಗದದ ಮೇಲೆ ಅದು 2018ರಲ್ಲಿ ನಿಂತಿದೆ. ಆದರೆ ಊಟದ ಅಕ್ಕಿ ಬಿಟ್ಟು ಮೇವಿನ ಅಕ್ಕಿ, ಗೋಧಿ, ಸೋಯಾ ಹಾಕಿದರೆ ಕೊಡುವ ಸಹಾಯಧನ ನಿಲ್ಲಲಿಲ್ಲ. ಅಂದರೆ ಮುಂದಿನ ವರ್ಷ ಎಷ್ಟು ತಿನ್ನುತ್ತಾರೆ ಅಂತ ಅಂದಾಜು ಮಾಡಿ, ಅಷ್ಟಕ್ಕೇ ಅಂಟಿಕೊಂಡು ಬೆಳೆಯುವ ಪದ್ಧತಿ. ಎಲ್ಲ ಸರಿ ಹೋದರೆ ಸರಿ. ಒಂದು ಬೇಸಿಗೆ ಕೈಕೊಟ್ಟರೆ ಹಿಂದೆ ಏನೂ ಇಲ್ಲ.

ಮಳೆಲೆಕ್ಕ:
ಇದನ್ನು ಓದಿ ದಾಸ್ತಾನಿನ ಅಂಕಿ ತೆಗೆದೆ. ಕೂಡಿಸಿ ಕಳೆದರೆ ಚೆನ್ನಾಗಿ ಕೂರುತ್ತದೆ ನೋಡಿ. 2023ರ ಜೂನ್ ಕೊನೆಗೆ ಖಾಸಗಿಯವರ ಕೈಯಲ್ಲಿ 19.7 ಲಕ್ಷ ಟನ್. ಆ ವರ್ಷದ ಹೊಸ ಬೆಳೆ 66.1 ಲಕ್ಷ. ಮುಂದಿನ ಜೂನ್‌ವರೆಗೆ ಖರ್ಚಾಗಿದ್ದು 70.5 ಲಕ್ಷ. ಉಳಿದಿದ್ದು 15.3 ಲಕ್ಷ. ಈ ಅಂಕಿ ಇಡಲು ಶುರುಮಾಡಿದ 1999ರಿಂದ ಇಷ್ಟು ಕಡಿಮೆ ಯಾವತ್ತೂ ಆಗಿರಲಿಲ್ಲ. ಖರ್ಚು ವರ್ಷ ವರ್ಷ ಇಳಿಯುತ್ತದೆ ಅಂತ ನಂಬಿಕೊಂಡಿದ್ದರು, ಆ ವರ್ಷ ಹತ್ತು ವರ್ಷದಲ್ಲಿ ಮೊದಲ ಸಲ ಏರಿತು. ಕಂದು ಅಕ್ಕಿಯ ಲೆಕ್ಕ ಅಲ್ವಾ, ನುಚ್ಚಾದದ್ದೂ ಖರ್ಚಿನಲ್ಲೇ ಸೇರಿಕೊಂಡಿದೆ. ಗೋದಾಮು ಅವರು ಹೇಳಿದ್ದು ಇಲ್ಲಿ ಬಂದು ಕೂತಿತು.

ಆದರೂ 15.3 ಲಕ್ಷ ಅಂದರೆ ಎರಡೂವರೆ ತಿಂಗಳ ಊಟ. ಹೊಸ ಅಕ್ಕಿ ಸೆಪ್ಟೆಂಬರಿಗೆ ಬರುತ್ತದೆ. ಲೆಕ್ಕದಲ್ಲಿ ಸಾಕಾಗಬೇಕಿತ್ತು.

ಟೋಕಿಯೊ_ಕನ್ನಡತಿ:
ಲೆಕ್ಕದಲ್ಲಿ ಸಾಕಾಗಿತ್ತು, ಅಂಗಡಿಯಲ್ಲಿ ಸಾಕಾಗಲಿಲ್ಲ. ಆಗ ಇಲ್ಲೇ ಇದ್ದೆ, ಹೇಳುತ್ತೇನೆ ಕೇಳಿ. 2024ರ ಬೇಸಿಗೆ ಶುರುವಿನಿಂದಲೇ ಅಕ್ಕಿ ಸ್ವಲ್ಪ ಸ್ವಲ್ಪ ತುಟ್ಟಿಯಾಗುತ್ತಿತ್ತು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಆಗಸ್ಟ್ 8ಕ್ಕೆ ಹ್ಯೂಗಾ ಸಮುದ್ರದಲ್ಲಿ ಭೂಕಂಪ ಆಯಿತು. ಆದ ಮೇಲೆ ಹವಾಮಾನ ಇಲಾಖೆ ದಕ್ಷಿಣ ಕರಾವಳಿಯಾಚೆಯ ನಾನ್ಕಾಯ್ ಕಂದಕದ ಕಡೆ ದೊಡ್ಡ ಭೂಕಂಪ ಆಗಬಹುದು ಅಂತ ಎಚ್ಚರಿಕೆ ಕೊಟ್ಟಿತು, ಅಂಥ ಎಚ್ಚರಿಕೆ ಅದೇ ಮೊದಲು. ಎಲ್ಲರೂ ನೀರು, ಅಕ್ಕಿ ತುಂಬಿಸಿಕೊಂಡರು. ಅದರ ಹಿಂದೆಯೇ ಹಿರಿಯರನ್ನು ನೆನೆಯುವ ಓಬೊನ್ ಹಬ್ಬದ ರಜೆ, ಲಾರಿ ಓಡಾಟ ಕಡಿಮೆ. ತಿಂಗಳ ಕೊನೆಗೆ ಚಂಡಮಾರುತ. ನಾನು ಹೋಗುವ ಅಂಗಡಿಯಲ್ಲಿ ಅಕ್ಕಿಯ ಕಪಾಟು ಖಾಲಿ, ಮನೆಗೆ ಒಂದೇ ಚೀಲ ಅಂತ ಚೀಟಿ ಅಂಟಿಸಿದ್ದರು. ಬಾಗಿಲು ತೆರೆಯುವ ಮುಂಚೆ ಹೋಗಿ ನಿಂತವರಿಗೆ ಸಿಗುತ್ತಿತ್ತು.

ಪ್ರತಿ ಮನೆಯೂ ಒಂದೊಂದು ಚೀಲ ಹೆಚ್ಚಿಗೆ ತಂದಿಟ್ಟುಕೊಂಡರೆ ಸಾಕು, ಯಾರೂ ದುಷ್ಟರಾಗಬೇಕಾಗಿಲ್ಲ. ಮುಚ್ಚಿಟ್ಟವರು ಯಾರು ಅಂತ ಕೇಳಿದರಲ್ಲ, ನಾನೂ ಒಂದು ಚೀಲ ಜಾಸ್ತಿ ಇಟ್ಟುಕೊಂಡಿದ್ದೆ.

ಒಪ್ಪಲ್ಲ_ಬಿಡಿ:
ಅಲ್ಲಿನ ಟಿ.ವಿ.ಯಲ್ಲಿ ಪ್ರವಾಸಿಗರೇ ತಿಂದು ಖಾಲಿ ಮಾಡಿದರು ಅಂತ ಹೇಳುತ್ತಿದ್ದರಂತೆ?

ಮಳೆಲೆಕ್ಕ:
ಅದನ್ನು ಕೈಯಲ್ಲೇ ಲೆಕ್ಕ ಹಾಕಬಹುದು. 2024ರಲ್ಲಿ ಬಂದ ವಿದೇಶಿಯರು 3 ಕೋಟಿ 68 ಲಕ್ಷ ಚಿಲ್ಲರೆ. ಒಬ್ಬೊಬ್ಬರು ಎಂಟು ದಿನ ಇದ್ದು ದಿನಕ್ಕೆ 150 ಗ್ರಾಂ ಅಕ್ಕಿ ತಿಂದರು ಅಂತ ಧಾರಾಳವಾಗಿ ಹಿಡಿದರೂ 44 ಸಾವಿರ ಟನ್. ದೇಶದ ಖರ್ಚಿನಲ್ಲಿ ಶೇ 1 ಕೂಡ ಇಲ್ಲ. ಇಲ್ಲ ಅಂತಲ್ಲ, ಆದರೆ ಆ ಸುದ್ದಿಗೆ ಸಿಕ್ಕ ಜಾಗ ಮಿಲ್ಲಿನ ನುಚ್ಚಿಗೆ ಸಿಗಲಿಲ್ಲ.

ಹಳೇ_ಪೇಪರ್:
1993ನ್ನು ಯಾರೂ ಎತ್ತಲೇ ಇಲ್ಲ. ಜಪಾನಿನಲ್ಲಿ ಅಕ್ಕಿಯ ವಿಷಯ ಬಂದರೆ ಅದಿಲ್ಲದೆ ಮಾತು ಮುಗಿಯುವುದಿಲ್ಲ. ಆ ವರ್ಷ ಬೇಸಿಗೆಯೇ ಬರಲಿಲ್ಲ. 1991ರ ಜೂನಿನಲ್ಲಿ ಫಿಲಿಪೀನ್ಸಿನ ಪಿನಾಟುಬೊ ಜ್ವಾಲಾಮುಖಿ ಸಿಡಿದು ಅದರ ಕಣಗಳು ಮೇಲಿನ ವಾತಾವರಣದಲ್ಲಿ ಹರಡಿದ್ದವು, ಭೂಮಿಯೇ ಸ್ವಲ್ಪ ತಣ್ಣಗಾಗಿತ್ತು. ಅದರ ಮೇಲೆ ಈಶಾನ್ಯದ ತೋಹೊಕು ಕಡೆ ಸಮುದ್ರದಿಂದ ಬೀಸುವ ಥಂಡಿ ಗಾಳಿ, ಅಲ್ಲಿಯವರು ಯಾಮಾಸೆ ಅನ್ನುತ್ತಾರೆ, ಬಿಡದೆ ಬೀಸಿತು. ದೇಶದ ಬೆಳೆ ಸೂಚ್ಯಂಕ 74. ಅವೊಮೊರಿ ಪ್ರಾಂತ್ಯದಲ್ಲಿ 28.

ಆವತ್ತು ಸರ್ಕಾರದ ಹತ್ತಿರ ದಾಸ್ತಾನು ಹೆಚ್ಚಿರಲಿಲ್ಲ. ಥಾಯ್ಲೆಂಡ್, ಚೀನಾ, ಅಮೆರಿಕ, ಆಸ್ಟ್ರೇಲಿಯಾಗಳಿಂದ ಸುಮಾರು 25 ಲಕ್ಷ ಟನ್ ತರಿಸಿದರು. ಜಪಾನ್ ಒಮ್ಮೆಗೇ ಮಾರುಕಟ್ಟೆಗೆ ಇಳಿದಿದ್ದರಿಂದ ವಿಶ್ವ ಮಾರುಕಟ್ಟೆಯಲ್ಲೇ ಅಕ್ಕಿ ತುಟ್ಟಿಯಾಯಿತು, ಪೆಟ್ಟು ತಿಂದವರು ಬಡ ದೇಶಗಳವರು. ಇಷ್ಟಾಗಿ ಉದುರುದುರಾಗುವ ಥಾಯ್ ಅಕ್ಕಿ ಜಪಾನಿನವರಿಗೆ ರುಚಿಸಲಿಲ್ಲ. ಊರ ಅಕ್ಕಿ ಬೇಕಾದರೆ ಅದನ್ನೂ ಕೊಳ್ಳಲೇಬೇಕು ಅಂತ ಅಂಗಡಿಯವರು ಜೋಡಿ ಮಾಡಿ ಮಾರಿದರು. ಅದಾದ ಮೇಲೆ 1995ರಲ್ಲಿ ಸರ್ಕಾರಿ ದಾಸ್ತಾನಿಗೆ ಕಾನೂನು ಬಂತು. ಮುಂದೆ ರೂಢಿಗೆ ಬಂದ ಪದ್ಧತಿ ಹೀಗಿತ್ತು: ಹತ್ತು ವರ್ಷಕ್ಕೊಮ್ಮೆ ಬರುವಂಥ ಕೆಟ್ಟ ಬೆಳೆಯನ್ನು ತಾಳಿಕೊಳ್ಳಲು ಸುಮಾರು 10 ಲಕ್ಷ ಟನ್ ಇಡುವುದು, ವರ್ಷಕ್ಕೆ ಎರಡು ಲಕ್ಷ ಟನ್ ಕೊಳ್ಳುವುದು, ಐದು ವರ್ಷ ಆದ ಮೇಲೆ ಮೇವಿಗೆ ಬಿಡುವುದು.

ತೆನೆಗಾಳಿ:
1993 ಮತ್ತು 2023 ಪಕ್ಕಪಕ್ಕ ಇಟ್ಟರೆ ಬೆಳೆ ಶಾಸ್ತ್ರದ ಪಾಠವೇ ಆಗುತ್ತದೆ. ಚಳಿ ಹೊಡೆಯುವುದು ತೆನೆ ಹೊರಬರುವ ಮುಂಚೆ, ಭತ್ತ ಹೊಡೆ ಕಟ್ಟುವಾಗ. ಪರಾಗ ತಯಾರಾಗುವ ಆ ಕೆಲವು ದಿನ ಥಂಡಿ ಜಾಸ್ತಿಯಾದರೆ ಪರಾಗವೇ ಬಂಜೆ, ತೆನೆ ನೆಟ್ಟಗೆ ನಿಂತಿರುತ್ತದೆ, ಒಳಗೆ ಬರೀ ಜೊಳ್ಳು. ಅದು ಹಾದು ಹೋಗುವವನಿಗೂ ಕಾಣುತ್ತದೆ. ತುಂಬಿದ ತೆನೆ ಬಾಗುತ್ತದೆ, ಇದು ಬಾಗುವುದಿಲ್ಲ. ಬಿಸಿ ಹೊಡೆಯುವುದು ಅದರ ನಂತರ, ಕಾಳು ತುಂಬುವಾಗ. ತೆನೆ ಬಾಗಿಯೇ ಇರುತ್ತದೆ. ಹೂ ಬಿಡುವ ಹೊತ್ತಿನಲ್ಲಿ 35 ಡಿಗ್ರಿ ದಾಟಿದರೆ ಜೊಳ್ಳೂ ಆಗುತ್ತದೆ, ಆದರೆ 2023ರ ಮುಖ್ಯ ಕತೆ ಅದಲ್ಲ. ಇಡೀ ಋತುವಿನ ಸರಾಸರಿ ಮಳೆ, ಸರಾಸರಿ ಬಿಸಿಲು ಹೇಳಿ ಬೆಳೆ ಊಹಿಸುವವರನ್ನು ನಾನು ನಂಬುವುದಿಲ್ಲ. ಯಾವ ವಾರ ಅಂತ ಹೇಳಲಿ, ಆಮೇಲೆ ಮಾತಾಡೋಣ.

ಇದಕ್ಕೆ ಚೀನಾದ ಉದಾಹರಣೆಯೂ ಇದೆ. 2021ರ ಶರತ್ಕಾಲದಲ್ಲಿ ನೆರೆ ಬಂದು ಅಲ್ಲಿ ಚಳಿಗಾಲದ ಗೋಧಿಯ ಮೂರನೇ ಒಂದು ಭಾಗ ತಡವಾಗಿ ಬಿತ್ತನೆ ಆಯಿತು. ಕೃಷಿ ಸಚಿವರೇ ಇತಿಹಾಸದಲ್ಲೇ ಕೆಟ್ಟ ಬೆಳೆ ಆಗಬಹುದು ಅಂತ ಹೆದರಿದ್ದರು. ಆಮೇಲೆ ವಸಂತ ಅನುಕೂಲವಾಗಿ ಬಂದು 2022ರ ಬೆಳೆ ಚೆನ್ನಾಗೇ ಆಯಿತು. ಮರು ವರ್ಷ ಎಲ್ಲ ಸರಿಯಿತ್ತು, 2023ರ ಮೇ ಕೊನೆಗೆ ಕಟಾವಿನ ಹೊತ್ತಲ್ಲೇ ಹೆನಾನ್ ಪ್ರಾಂತ್ಯದಲ್ಲಿ ಮಳೆ ಹಿಡಿದು ನಿಂತ ಗೋಧಿ ತೆನೆಯಲ್ಲೇ ಮೊಳಕೆ ಒಡೆಯಿತು.

ಒಪ್ಪಲ್ಲ_ಬಿಡಿ:
ಚೀನಾಗೆ ಆಮೇಲೆ ಹೋಗೋಣ. 10 ಲಕ್ಷ ಟನ್ ಸರ್ಕಾರಿ ದಾಸ್ತಾನು ಇತ್ತು ಅಂದಿರಿ. 2024ರ ಆಗಸ್ಟ್‌ನಲ್ಲಿ ಕಪಾಟು ಖಾಲಿ ಇದ್ದಾಗ ಬಿಡಲಿಲ್ಲ ಯಾಕೆ? ಈಗ ಹೇಳಿ, ಇದೂ ಹವಾಮಾನವೇ?

ಗೋದಾಮು:
ಇದು ಹವಾಮಾನ ಅಲ್ಲ, ನಿಮ್ಮ ಮಾತು ಸರಿ. ಆ ದಾಸ್ತಾನು ಬೆಳೆ ಹಾಳಾದರೆ ಬಿಡಲು ಇಟ್ಟಿದ್ದು. ಪುಸ್ತಕದಲ್ಲಿ ಬೆಳೆ 101. ಬೆಲೆ ಏರಿದ್ದಕ್ಕೆ ಬಿಡಿ ಅಂತ ನಿಯಮದಲ್ಲಿ ಇರಲಿಲ್ಲ. ಹೊಸ ಅಕ್ಕಿ ಬಂದರೆ ಸರಿ ಹೋಗುತ್ತದೆ ಅಂತ ಕಾದರು. ಬಿಟ್ಟರೆ ಹೊಸ ಬೆಳೆಯ ಬೆಲೆ ಬಿದ್ದು ರೈತರು ಮುನಿಸಿಕೊಳ್ಳುತ್ತಾರೆ ಅನ್ನುವ ಅಂಜಿಕೆಯೂ ಇದ್ದಿರಬೇಕು, ಇದು ನನ್ನ ಊಹೆ. ಹೊಸ ಅಕ್ಕಿ ಬಂತು, ಬೆಲೆ ಇಳಿಯಲಿಲ್ಲ. ಖಾಲಿ ಪೈಪ್‌ಲೈನ್ ತುಂಬಿಸಿಕೊಳ್ಳಲು ಸಗಟು ವ್ಯಾಪಾರಿಗಳು, ಹೋಟೆಲಿನವರು, ಹೊಸದಾಗಿ ಹುಟ್ಟಿಕೊಂಡ ಖರೀದಿದಾರರು ಎಲ್ಲ ನೇರ ರೈತರ ಮನೆ ಬಾಗಿಲಿಗೇ ಹೋದರು. 2025ರ ಜನವರಿ ಕೊನೆಗೆ ನಿಯಮ ಬದಲಾಯಿತು, ಫೆಬ್ರವರಿಯಲ್ಲಿ 2 ಲಕ್ಷ 10 ಸಾವಿರ ಟನ್ ಬಿಡುವುದಾಗಿ ಹೇಳಿದರು, ಮಾರ್ಚಿನಲ್ಲಿ ಹರಾಜು.

ಆ ಹರಾಜೂ ವಿಚಿತ್ರ. ಜಾಸ್ತಿ ಬೆಲೆ ಕೂಗಿದವರಿಗೆ ಅಕ್ಕಿ. ಬೆಲೆ ಇಳಿಸಲು ಬಿಟ್ಟ ಅಕ್ಕಿಯನ್ನು ಜಾಸ್ತಿ ಬೆಲೆಗೆ ಮಾರಿದರೆ ಏನಾಗುತ್ತದೆ ಅಂತ ನೀವೇ ಯೋಚನೆ ಮಾಡಿ. ಮೊದಲ ಸುತ್ತಿನಲ್ಲಿ ಶೇ 90ಕ್ಕಿಂತ ಜಾಸ್ತಿ ಸಹಕಾರ ಸಂಘಗಳ ಒಕ್ಕೂಟಕ್ಕೇ ಹೋಯಿತು. ಅಲ್ಲಿಂದ ಸಗಟು, ಸಗಟಿನಿಂದ ಪಾಲಿಷ್ ಮಿಲ್ಲು, ಮಿಲ್ಲಿನಿಂದ ಅಂಗಡಿ. ಏಪ್ರಿಲ್ ಮಧ್ಯದವರೆಗೆ ಅಂಗಡಿ ಮುಟ್ಟಿದ್ದು ತೀರಾ ಸ್ವಲ್ಪ.

ಟೋಕಿಯೊ_ಕನ್ನಡತಿ:
ಅಷ್ಟರಲ್ಲಿ ಕೃಷಿ ಸಚಿವ ತಾಕು ಎತೋ ಸಭೆಯೊಂದರಲ್ಲಿ, ನಾನು ಅಕ್ಕಿ ಕೊಂಡವನೇ ಅಲ್ಲ, ಬೆಂಬಲಿಗರೇ ಬೇಕಾದಷ್ಟು ಕೊಡುತ್ತಾರೆ ಅನ್ನುವ ಅರ್ಥದಲ್ಲಿ ಮಾತಾಡಿದರು. ಮೇ 21ಕ್ಕೆ ರಾಜೀನಾಮೆ. ಅವರ ಜಾಗಕ್ಕೆ ಬಂದ ಶಿಂಜಿರೋ ಕೊಯಿಜುಮಿ ಹರಾಜು ಬಿಟ್ಟು ನೇರವಾಗಿ ಅಂಗಡಿಗಳ ಜೊತೆಯೇ ಒಪ್ಪಂದ ಮಾಡಿಕೊಂಡು 5 ಕೆ.ಜಿ.ಗೆ 2,000 ಯೆನ್ ಆಸುಪಾಸಿನಲ್ಲಿ ಹಳೇ ಅಕ್ಕಿ ಮಾರಿಸಿದರು. ಅದಕ್ಕೂ ಉದ್ದುದ್ದ ಸಾಲು. ರುಚಿ ಹೇಗೆ ಅಂತ ಕೇಳಬೇಡಿ, ನನಗಂತೂ ವ್ಯತ್ಯಾಸ ಗೊತ್ತಾಗಲಿಲ್ಲ, ಪಕ್ಕದ ಮನೆ ಅಜ್ಜಿ ಮಾತ್ರ ಮುಖ ಸಿಂಡರಿಸಿದರು. ಜುಲೈಗೆ ಸರಾಸರಿ ಬೆಲೆ 3,500ರ ಮಟ್ಟಕ್ಕೆ ಇಳಿಯಿತು.

ಒಪ್ಪಲ್ಲ_ಬಿಡಿ:
ಹೊರಗಿನಿಂದ ತರಿಸಬಹುದಿತ್ತಲ್ಲ? 2025ರಲ್ಲಿ ವಿಶ್ವ ಮಾರುಕಟ್ಟೆಯಲ್ಲಿ ಅಕ್ಕಿ ಅಗ್ಗವಾಗುತ್ತಿತ್ತು. 2023ರ ಜುಲೈನಲ್ಲಿ ಭಾರತ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದಾಗ ಏರಿದ್ದ ಬೆಲೆ, 2024ರ ಸೆಪ್ಟೆಂಬರಿನಲ್ಲಿ ನಿಷೇಧ ತೆಗೆದ ಮೇಲೆ ಇಳಿದಿತ್ತು.

ಗೋದಾಮು:
ಗೋಡೆ ಕಟ್ಟಿಕೊಂಡಿದ್ದಾರೆ. ಒಂದು ಕೆ.ಜಿ. ಅಕ್ಕಿಗೆ 341 ಯೆನ್ ಸುಂಕ. ವಿಶ್ವ ವ್ಯಾಪಾರ ಒಪ್ಪಂದದ ಪ್ರಕಾರ ವರ್ಷಕ್ಕೆ 7 ಲಕ್ಷ 70 ಸಾವಿರ ಟನ್ ಸುಂಕ ಇಲ್ಲದೆ ತರಿಸುತ್ತಾರೆ, ಅದರಲ್ಲಿ ಊಟಕ್ಕೆ ಹೋಗುವುದು ಹೆಚ್ಚೆಂದರೆ ಒಂದು ಲಕ್ಷ. ಮಿಕ್ಕಿದ್ದು ಮೇವು, ತಿಂಡಿ ಕಾರ್ಖಾನೆ, ನೆರವು. 5 ಕೆ.ಜಿ.ಗೆ 2,000 ಯೆನ್ ಇದ್ದಾಗ 341 ಕೊಟ್ಟು ತರಿಸುವುದು ಹುಚ್ಚುತನ. 4,000 ದಾಟಿದ ಮೇಲೆ ಅದೂ ಗಿಟ್ಟಿತು, ಪೂರ್ತಿ ಸುಂಕ ಕಟ್ಟಿಯೂ ಜನ ತರಿಸಿದರು.

ಈ ಗೋಡೆಗೆ ಎರಡು ಮುಖ ಇವೆ. 2010ರಲ್ಲಿ ರಷ್ಯಾದಲ್ಲಿ ಬಿಸಿಲು, ಬರ, ಕಾಡ್ಗಿಚ್ಚು. ಧಾನ್ಯದ ಬೆಳೆ 9 ಕೋಟಿ 70 ಲಕ್ಷ ಟನ್‌ನಿಂದ 6 ಕೋಟಿ 10 ಲಕ್ಷಕ್ಕೆ ಬಿತ್ತು. ಆಗಸ್ಟ್ 15ರಿಂದ ರಫ್ತು ಬಂದ್. ಗೋಧಿ ತರಿಸುತ್ತಿದ್ದ ದೇಶಗಳಿಗೆಲ್ಲ ಬಿಸಿ ತಟ್ಟಿತು. ಬ್ರೆಡ್ ಬೆಲೆ ಏರಿಸಿದ್ದಕ್ಕೆ ಸೆಪ್ಟೆಂಬರಿನಲ್ಲಿ ಮೊಜಾಂಬಿಕ್ ರಾಜಧಾನಿಯಲ್ಲಿ ಗಲಭೆ ಆಗಿ ಜನ ಸತ್ತರು. ಮುಖ್ಯ ಧಾನ್ಯಕ್ಕೆ ಹೊರಗಿನವರನ್ನು ನಂಬಿದರೆ ಬೇರೆಯವರ ಬಿಸಿಲೂ ನಿಮ್ಮದೇ. ಅದು ಬೇಡ ಅಂತ ಬಾಗಿಲು ಹಾಕಿಕೊಂಡರೆ ನಿಮ್ಮ ಬಿಸಿಲನ್ನು ನೀವೊಬ್ಬರೇ ಅನುಭವಿಸಬೇಕು. ಜಪಾನಿಗೆ ಆಗಿದ್ದು ಎರಡನೆಯದು.

ಮಳೆಲೆಕ್ಕ:
ಸರಿ, ಇನ್ನೂ ಒಂದು ಗಂಟು. 2025ರ ಬೆಳೆ 74 ಲಕ್ಷ 70 ಸಾವಿರ ಟನ್ ಹತ್ತಿರ ಬಂದಿದೆ, ಹಿಂದಿನ ವರ್ಷ 68 ಲಕ್ಷ ಇತ್ತು. ಇಷ್ಟು ಜಾಸ್ತಿ ಬಂದರೂ ಶರತ್ಕಾಲದಲ್ಲಿ ಬೆಲೆ ಮತ್ತೆ 4,000 ದಾಟಿತು. ಈಗ ಹವಾಮಾನವೂ ಇಲ್ಲ, ಕೊರತೆಯೂ ಇಲ್ಲ.

ಗೋದಾಮು:
ಸಹಕಾರ ಸಂಘ ರೈತನಿಗೆ ಅಕ್ಕಿ ತಂದಾಗಲೇ ಮುಂಗಡ ಕೊಡುತ್ತದೆ. ಆ ಮುಂಗಡ ನಿಗದಿಯಾಗುವುದು ಬೇಸಿಗೆಯಲ್ಲಿ, ಕಟಾವಿಗೆ ಮುಂಚೆ. 2025ರ ಬೇಸಿಗೆಯಲ್ಲಿ ಮತ್ತೆ ದಾಖಲೆ ಬಿಸಿಲು, ಆಗಸ್ಟ್ 5ಕ್ಕೆ ಇಸೆಸಾಕಿ ಅನ್ನುವ ಊರಿನಲ್ಲಿ 41.8 ಡಿಗ್ರಿ, ಕೆಲವು ಕಡೆ ಗದ್ದೆ ಬಿರುಕು ಬಿಟ್ಟಿದ್ದ ಫೋಟೊ ದಿನಾ ಪೇಪರಿನಲ್ಲಿ. ಹಿಂದಿನ ವರ್ಷ ಖಾಸಗಿಯವರು ರೈತರನ್ನು ಎಳೆದುಕೊಂಡು ಹೋಗಿದ್ದರು ಅನ್ನುವ ನೆನಪು ಬೇರೆ. ಹಾಗಾಗಿ ನೀಗಾತಾದಲ್ಲಿ 60 ಕೆ.ಜಿ. ಕೊಶಿಹಿಕಾರಿಗೆ 30,000 ಯೆನ್ ಮುಂಗಡ ಅಂದರು, ಹಿಂದಿನ ವರ್ಷ 17,000 ಇತ್ತು. ಮಳೆ ಬಂತು, ಬೆಳೆ ಬಂತು. ಆದರೆ ಅಷ್ಟು ಕೊಟ್ಟು ಕೊಂಡ ಅಕ್ಕಿಯನ್ನು ಯಾರು ನಷ್ಟಕ್ಕೆ ಮಾರುತ್ತಾರೆ? ಬಿಸಿಲಿನ ಭಯ ಬೆಲೆಯಲ್ಲಿ ಉಳಿಯಿತು, ಬಿಸಿಲಿನ ನಷ್ಟ ಆಗದಿದ್ದರೂ.

ಒಪ್ಪಲ್ಲ_ಬಿಡಿ:
ಇದನ್ನೇ ನಾನು ಮೊದಲ ಸಾಲಿನಲ್ಲಿ ಹೇಳಿದ್ದು. ಗದ್ದೆಯಲ್ಲಿ ಅಲ್ಲ, ಮಧ್ಯದಲ್ಲಿ.

ತೆನೆಗಾಳಿ:
ಮಧ್ಯದವರು ಹೆದರಿದ್ದು ಯಾತಕ್ಕೆ ಅಂತ ನೀವು ಇನ್ನೂ ಹೇಳಲಿಲ್ಲ 🙂

ರೈತರ ಕಡೆಯೂ ಒಂದು ಮಾತು ಇರಲಿ. ಬೆಲೆ ಏರಿತು ಅಂತ ಬೈಯುವವರು 30 ವರ್ಷ ಅದು ಏರಲೇ ಇಲ್ಲ ಅನ್ನುವುದನ್ನು ಮರೆಯುತ್ತಾರೆ. ಅಲ್ಲಿ ಗದ್ದೆಯಲ್ಲಿ ಇರುವವರ ಸರಾಸರಿ ವಯಸ್ಸು 70ರ ಹತ್ತಿರ. ಬಿಸಿ ತಾಳುವ ತಳಿಗಳು ಇಲ್ಲದೇ ಇಲ್ಲ. ಅದೇ ನೀಗಾತಾದಲ್ಲಿ, ಅದೇ 2023ರಲ್ಲಿ, ಶಿನ್ನೊಸುಕೆ ಅನ್ನುವ ಹೊಸ ತಳಿ ಹೆಚ್ಚೂ ಕಡಿಮೆ ಪೂರ್ತಿ ಮೊದಲ ದರ್ಜೆಯಲ್ಲಿ ಪಾಸಾಯಿತು. ಆದರೆ ಕೊಶಿಹಿಕಾರಿ 1956ರಿಂದ ಇರುವ ಹೆಸರು, ದೇಶದ ಭತ್ತದ ಮೂರನೇ ಒಂದು ಭಾಗ ಅದೇ. ಗಿರಾಕಿ ಚೀಲದ ಮೇಲೆ ಆ ಹೆಸರು ನೋಡಿಯೇ ಕೊಳ್ಳುತ್ತಾನೆ. ಎಪ್ಪತ್ತರ ಮನುಷ್ಯ ತಳಿ ಬದಲಿಸಿ, ನಾಟಿ ದಿನ ಬದಲಿಸಿ, ಮಾರುಕಟ್ಟೆ ಹುಡುಕಲಿ ಅಂದರೆ ಯಾರ ಭರವಸೆ ಮೇಲೆ? ಕೆಲವರು ನಾಟಿಯನ್ನು ತಡ ಮಾಡಿ ಕಾಳು ತುಂಬುವ ದಿನಗಳನ್ನು ಆಗಸ್ಟ್ ಬಿಸಿಲಿನಿಂದ ಆಚೆ ತಳ್ಳುತ್ತಾರೆ, ರಾತ್ರಿ ತಣ್ಣೀರು ಹರಿಸುತ್ತಾರೆ. ನೀರು ಇದ್ದರೆ.

ಮಳೆಲೆಕ್ಕ:
ಕೊನೇ ಪ್ರಶ್ನೆ. ಮುಂದಿನ ವರ್ಷ ಹೀಗಾಗುತ್ತದಾ ಅಂತ ಮುಂಚೆಯೇ ತಿಳಿಯಲು ಯಾವ ಅಂಕಿ ನೋಡಬೇಕು? ಸೂಚ್ಯಂಕ ಅಂತೂ ಅಲ್ಲ ಅಂತ ಅರ್ಥ ಆಯಿತು.

ಗೋದಾಮು:
ಸೂಚ್ಯಂಕ ನೋಡಬೇಕು ಅಂದರೂ ಸಿಗುವುದಿಲ್ಲ ಸರ್, 2025ರಿಂದ ಅದನ್ನು ಕೊಡುವುದನ್ನೇ ನಿಲ್ಲಿಸಿದ್ದಾರೆ. 2025ರ ಆಗಸ್ಟ್‌ನಲ್ಲಿ ಸರ್ಕಾರವೇ ಬೇಡಿಕೆಯ ಅಂದಾಜು ತಪ್ಪಿತ್ತು, ಬಿಸಿಲಿಗೆ ಪಾಲಿಷ್‌ನಲ್ಲಿ ಅಕ್ಕಿ ಕಡಿಮೆ ಬಂದಿದ್ದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ ಅಂತ ಒಪ್ಪಿಕೊಂಡಿತು. ನಾನಾಗಿದ್ದರೆ ಜೂನ್ ಕೊನೆಯ ಖಾಸಗಿ ದಾಸ್ತಾನು ಮೊದಲು ನೋಡುತ್ತೇನೆ, ಆಮೇಲೆ ಆಗಸ್ಟ್‌ನ ಮುಂಗಡ. ತಪಾಸಣೆಯ ಮೊದಲ ದರ್ಜೆ ಶೇಕಡಾವಾರು ಶರತ್ಕಾಲದಲ್ಲಿ ಬರುತ್ತದೆ, ಅದು ಬಂದ ಮೇಲೆ ಇಳುವರಿಯ ಅಂಕಿಯನ್ನು ಎಷ್ಟು ನಂಬಬೇಕು ಅಂತ ಗೊತ್ತಾಗುತ್ತದೆ.

ಇನ್ನೊಂದು, ನೀವು ಗ್ರಾಫ್ ಹಾಕುವವರು ಅಂತ ಹೇಳುತ್ತಿದ್ದೇನೆ. ಜರಡಿಯನ್ನೂ ಬದಲಿಸಿದ್ದಾರೆ, ಈಗ ರೈತರು ಬಳಸುವ ಜರಡಿಯ ಲೆಕ್ಕ. ನೀವು ಹೇಳಿದ 74 ಲಕ್ಷ 70 ಸಾವಿರ ಹಳೇ 1.70ರ ಜರಡಿಯದ್ದು, ಹೊಸ ಲೆಕ್ಕದಲ್ಲಿ ಅಂಕಿ ಅದಕ್ಕಿಂತ ಕಡಿಮೆ ಬರುತ್ತದೆ. ಎರಡನ್ನೂ ಒಂದೇ ಗೆರೆಯಲ್ಲಿ ಜೋಡಿಸಿದರೆ ಇಲ್ಲದ ಕೊರತೆ ಕಾಣಿಸುತ್ತದೆ, ಬೇರೆ ಬೇರೆ ಬಣ್ಣ ಹಾಕಿ.

ಮಳೆಲೆಕ್ಕ:
ಹಾಕುತ್ತೇನೆ. ಮೊದಲ ದರ್ಜೆಯ ಅಂಕಿ ಪ್ರಾಂತ್ಯವಾರು ಯಾರ ಹತ್ತಿರವಾದರೂ ಇದ್ದರೆ ಇಲ್ಲೇ ಹಾಕಿ, ಮಿಕ್ಕಿದ್ದು ನಾನು ಕೂಡಿಸಿಕೊಳ್ಳುತ್ತೇನೆ.